ಸಿಲಬಸ್ಸಿನ ಹಿಂದೆ ಓಡಿದ ಅಟೆಂಡರ್

ಲೋಕದಲ್ಲಿ ಎಲ್ಲ ಬದಲಾದರೂ ಗಣಿತ ಮಾತ್ರ ಬದಲಾಗಲ್ಲ ಅಂತ ಯಾರಾದರೂ ಹೇಳಿದರೆ, ಅವರು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡಿಲ್ಲ ಅಂತ ತಿಳಿಯಬೇಕು. ಎರಡೆರಡ್ಲ ನಾಲ್ಕು ಅನ್ನೋದು ಬದಲಾಗಿಲ್ಲ, ಒಪ್ಪಿದೆ. ಆದರೆ ಅದನ್ನ ಯಾವ ವರ್ಷ ಕೇಳಬೇಕು, ಎಷ್ಟು ಮಾರ್ಕಿಗೆ ಕೇಳಬೇಕು, ಬಿಡಿಸಿ ಬರೆಯಬೇಕೋ ಬರೀ ಆರಿಸಬೇಕೋ ಅನ್ನೋದು ನಾನು ಓದಿದ ಕಾಲದಿಂದ ಇವತ್ತಿನವರೆಗೂ ಬದಲಾಗ್ತಾನೇ ಬಂದಿದೆ. ಬದಲಾದಾಗಲೆಲ್ಲ ನಮ್ಮ ಕಾಲೇಜಿನಲ್ಲಿ ಏನಾದರೊಂದು ಆಗಿಯೇ ತೀರುತ್ತೆ. ಆಗೋದು ಯಾವಾಗಲೂ ಒಬ್ಬನಿಗೇ.

ಅವನು ನಮ್ಮ ಅಟೆಂಡರ್. ನಾನೂ ಅವನೂ ಚಳ್ಳಕೆರೆಯಲ್ಲಿ ಪಿಯುಸಿ ಓದುವಾಗ ಒಂದೇ ಬೆಂಚಿನವರು. ನಾನು ತಳಕಿನ ಕಡೆಯವನು, ಅವನು ಮೊಳಕಾಲ್ಮುರಿನ ನೇಕಾರರ ಮನೆಯವನು. ಅವರ ಮನೆಯಲ್ಲಿ ಎಲ್ಲರಿಗೂ ಮಗ್ಗ ಬರುತ್ತಿತ್ತು, ಇವನೊಬ್ಬನಿಗೆ ಮಗ್ಗವೂ ಬರಲಿಲ್ಲ, ಮಗ್ಗಿಯೂ ಬರಲಿಲ್ಲ. ನಾನು ಪಾಸಾಗಿ ಗಣಿತದ ಉಪನ್ಯಾಸಕನಾದೆ. ಅವನು ಬೇರೆಲ್ಲ ಪಾಸಾಗಿ ಗಣಿತ ಒಂದರಲ್ಲಿ ಉಳಿದುಕೊಂಡು ಅಟೆಂಡರ್ ಆದ. ಮೊಳಕಾಲ್ಮುರಿನ ಕಾಲೇಜಿಗೆ ನಾನು ವರ್ಗವಾಗಿ ಬಂದ ದಿನ, ಎಲ್ಲರ ಎದುರಿಗೆ ನನ್ನ ಬ್ಯಾಗು ಇಸ್ಕೊಂಡು "ಬರ್ರಿ ಸಾರ್, ಬರ್ರಿ" ಅಂದ. ಸ್ಟಾಫ್ ರೂಮಿನ ಒಳಗೆ ಹೋಗಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, "ದಪ್ಪ ಆಗೀಯಲ್ಲಲೇ" ಅಂದ. ಅವತ್ತಿಂದ ಇದೇ ಪದ್ಧತಿ. ನಾಲ್ಕು ಜನ ಇದ್ದರೆ ಸಾರ್, ನಾವಿಬ್ಬರೇ ಇದ್ದರೆ ಲೇ.

ಅಟೆಂಡರ್ ಆದವನು ಗುಮಾಸ್ತನಾಗಿ ಬಡ್ತಿ ಪಡೆಯಬೇಕಾದರೆ ಪಿಯುಸಿ ಪಾಸಾಗಿರಬೇಕು. ಇವನಿಗೆ ಅಡ್ಡ ನಿಂತಿದ್ದು ಆ ಒಂದೇ ಗಣಿತ. ಆರ್ಟ್ಸ್ ತಗೊಂಡು ಹೊಸದಾಗಿ ಬರೆಯೋ ಮಾರಾಯ ಅಂತ ಎಷ್ಟೋ ಸಲ ಹೇಳಿದೆ. ಫಿಸಿಕ್ಸು, ಕೆಮಿಸ್ಟ್ರಿ ಅಷ್ಟು ಕಷ್ಟಪಟ್ಟು ಪಾಸಾಗಿದ್ದೀನಿ, ಒಂದಕ್ಕೋಸ್ಕರ ಎಲ್ಲಾ ನೀರಿಗೆ ಬಿಡ್ಲಾ ಅಂತ ನನ್ನ ಮೇಲೇ ರೇಗಿದ. ಆಮೇಲೆ ತಣ್ಣಗಾಗಿ ಒಂದು ಮಾತು ಹೇಳಿದ.

"ಈ ಕಾಲೇಜಿನ ಫೈಲೆಲ್ಲಾ ನಾನೇ ಹೊತ್ತಿದೀನಿ ಕಣಲೇ. ರಿಟೈರ್ ಆಗೋದ್ರೊಳಗೆ ಒಂದು ದಿನ ಆದ್ರೂ ಕುರ್ಚಿ ಮೇಲೆ ಕೂತು, ಬೇರೆಯೋರು ತಂದುಕೊಟ್ಟ ಫೈಲು ನೋಡ್ಬೇಕು."

ನಿನ್ನ ಪಾಸು ಮಾಡಿಸೋದು ನನ್ನ ಜವಾಬ್ದಾರಿ ಅಂತ ಹೆಗಲು ತಟ್ಟಿ ಹೇಳಿಬಿಟ್ಟೆ. ಎಷ್ಟು ಕಾಲ ಹಿಡಿಯುತ್ತೆ ಅಂತ ಗೊತ್ತಿದ್ದರೆ ಅವತ್ತೇ ಟ್ರಾನ್ಸ್‌ಫರಿಗೆ ಅರ್ಜಿ ಹಾಕ್ತಿದ್ದೆ.

ಲಾಗ್ ಪುಸ್ತಕ

ಅವನು ಮೊದಲನೇ ಸಲ ಫೇಲಾದ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ನಾವು ಓದುವಾಗ ದೊಡ್ಡ ದೊಡ್ಡ ಗುಣಾಕಾರ, ಭಾಗಾಕಾರಕ್ಕೆಲ್ಲ ಲಾಗ್ ಪುಸ್ತಕ ನೋಡಬೇಕಿತ್ತು. ಪುಟದ ತುಂಬ ಸಣ್ಣಕ್ಷರದ ಅಂಕಿ, ಅಡ್ಡ ಸಾಲು, ಉದ್ದ ಸಾಲು. ಎಲ್ಲಿ ಬೆರಳಿಟ್ಟರೆ ಎಲ್ಲಿ ಉತ್ತರ ಅಂತ ತಿಳಿಯೋದೇ ಒಂದು ವಿದ್ಯೆ. ಇವನ ಅಪ್ಪ ಮಗನ ಪುಸ್ತಕ ಹಾಳಾಗಬಾರದು ಅಂತ ಅದಕ್ಕೆ ಬ್ರೌನ್ ಪೇಪರ್ ಹಾಕಿದ್ದರು. ಪೇಪರ್ ಉಳಿಯಿತು ಅಂತ ಮನೆಯ ಪಂಚಾಂಗಕ್ಕೂ ಹಾಕಿದ್ದರು.

ಪರೀಕ್ಷೆ ದಿನ ಇವನು ತಂದಿದ್ದು ಪಂಚಾಂಗ.

ತೆಗೆದು ನೋಡಿದ, ಪುಟದ ತುಂಬ ಅಂಕಿ. ಅಡ್ಡ ಸಾಲೂ ಇದೆ, ಉದ್ದ ಸಾಲೂ ಇದೆ. ಅನುಮಾನ ಬರಲೇ ಇಲ್ಲ. ಬೆರಳಿಟ್ಟು ಹುಡುಕ್ತಾನೆ, ಬರೀತಾನೆ, ಹೊಡೆದು ಹಾಕ್ತಾನೆ, ಮತ್ತೆ ಹುಡುಕ್ತಾನೆ. ನಾನು ಹಿಂದಿನ ಬೆಂಚಿನಿಂದ ನೋಡ್ತಿದ್ದೆ. ಇವನೇನು ಇಷ್ಟು ಆಳವಾಗಿ ಲೆಕ್ಕ ಮಾಡ್ತಿದ್ದಾನೆ ಅಂತ ನನಗೇ ಸ್ವಲ್ಪ ಹೆದರಿಕೆಯಾಯಿತು. ಅಷ್ಟರಲ್ಲಿ ಕೋಣೆಯ ಮೇಲ್ವಿಚಾರಕರು, ಪಾಪ ಸಂಸ್ಕೃತದ ಮೇಷ್ಟ್ರು, ಹತ್ತಿರ ಬಂದು ಪುಸ್ತಕ ಕೈಗೆ ತಗೊಂಡರು. ಏನಪ್ಪಾ ಇದು ಅಂದರು. ಲಾಗ್ ಸಾರ್ ಅಂದ. ಅವರು ನಿಧಾನವಾಗಿ ಎರಡು ಪುಟ ತಿರುವಿದರು, ಗಡಿಯಾರ ನೋಡಿದರು, ಪುಸ್ತಕ ವಾಪಸ್ ಕೊಟ್ಟರು.

"ಈಗ ರಾಹುಕಾಲ ನಡೀತಾ ಇದೆ ಕಣಪ್ಪ. ಮುಗಿದ ಮೇಲೆ ಬರಿ" ಅಂದರು.

ಇವನು ನಿಜ ಅಂದ್ಕೊಂಡು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತ. ರಾಹುಕಾಲ ಮುಗಿಯೋ ಹೊತ್ತಿಗೆ ಪರೀಕ್ಷೆಯೂ ಮುಗಿದಿತ್ತು.

ಕಾಲೇಜಿನ ಐಡೆಂಟಿಟಿ

ನಾನು ಅವನಿಗೆ ಪಾಠ ಶುರು ಮಾಡೋ ಕಾಲಕ್ಕೆ ಲಾಗ್ ಪುಸ್ತಕದ ಕಾಟ ಇರಲಿಲ್ಲ. ಅದರ ಬದಲು ಗ್ರೂಪ್ ಥಿಯರಿ ಅಂತ ಒಂದಿತ್ತು. ಒಂದು ಗುಂಪು ಇರುತ್ತೆ. ಅದರಲ್ಲಿ ಐಡೆಂಟಿಟಿ ಅಂತ ಒಬ್ಬ ಇರ್ತಾನೆ. ಅವನು ಯಾರ ಜೊತೆ ಸೇರಿದರೂ ಏನೂ ಬದಲಾಗಲ್ಲ, ಅವರು ಹೇಗಿದ್ದರೋ ಹಾಗೇ ಇರ್ತಾರೆ. ಇಷ್ಟನ್ನ ತಿಂಗಳುಗಟ್ಟಲೆ ಹೇಳಿದೆ. ಅವನ ತಲೆಗೆ ಹೋಗಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕೊನೆಗೆ ರೋಸಿಹೋಗಿ, ನಮ್ಮ ಪ್ರಿನ್ಸಿಪಾಲರನ್ನೇ ನೋಡ್ಲೇ, ಮೀಟಿಂಗಿಗೆ ಅವರು ಬಂದರೂ ಒಂದೇ, ಬಿಟ್ಟರೂ ಒಂದೇ, ಅವರೇ ಐಡೆಂಟಿಟಿ ಅಂದೆ.

ಅಟೆಂಡರ್ ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು. ಕನ್ನಡದ ಮೇಷ್ಟ್ರೂ ಇಂಗ್ಲಿಷಿನ ಮೇಷ್ಟ್ರೂ ಒಬ್ಬರಿಗೊಬ್ಬರು ಇನ್ವರ್ಸ್, ಅಂದರೆ ಉಲ್ಟಾ, ಇಬ್ಬರೂ ಸೇರಿದರೆ ಉಳಿಯೋದು ಐಡೆಂಟಿಟಿ ಒಂದೇ ಅಂತ ಅವನೇ ಮುಂದುವರಿಸಿದ. ಒಂದೇ ವಾರದಲ್ಲಿ ಇಡೀ ಅಧ್ಯಾಯ ನೀರು ಕುಡಿದ ಹಾಗೆ ಕಲಿತ.

ತೊಂದರೆ ಏನಾಯಿತು ಅಂದರೆ, ಕಲಿತಿದ್ದು ಬಾಯಿಗೂ ಬಂತು. ಪ್ರಿನ್ಸಿಪಾಲರು ವರಾಂಡದಲ್ಲಿ ಕಂಡರೆ ಸಾಕು, "ಐಡೆಂಟಿಟಿ ಬರ್ತಾ ಐತೆ, ಕ್ಲಾಸಿಗೆ ನಡೀರಿ" ಅಂತ ಹುಡುಗರನ್ನ ಓಡಿಸ್ತಿದ್ದ. ಒಂದು ದಿನ ಅವರು ಅದನ್ನ ಕೇಳಿಸಿಕೊಂಡು ನಮ್ಮಿಬ್ಬರನ್ನೂ ರೂಮಿಗೆ ಕರೆದರು. ಐಡೆಂಟಿಟಿ ಅಂದರೆ ಏನು ಅಂತ ನನ್ನ ಕಡೆ ನೋಡಿ ಕೇಳಿದರು. ನಾನು ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತಿರುವೋಕೆ ಶುರು ಮಾಡಿದೆ. ಅಟೆಂಡರ್ ಮಾತ್ರ ಕೈಕಟ್ಟಿ, ಗುಂಪಿಗೆಲ್ಲಾ ಮುಖ್ಯ ಆದೋರು ಸಾರ್, ಅವರಿಲ್ಲದಿದ್ರೆ ಅದು ಗ್ರೂಪೇ ಅಲ್ಲ ಅಂತ ಪುಸ್ತಕದಲ್ಲಿದ್ದ ಹಾಗೇ ಹೇಳಿದ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪ್ರಿನ್ಸಿಪಾಲರಿಗೆ ಅದೆಷ್ಟು ಸಂತೋಷವಾಯಿತು ಅಂದರೆ, ಆ ವರ್ಷದ ಕಾಲೇಜು ವಾರ್ಷಿಕೋತ್ಸವದಲ್ಲಿ ಎದೆ ಮೇಲೆ ಕೈಯಿಟ್ಟು, "ನಾನು ಈ ಕಾಲೇಜಿನ ಐಡೆಂಟಿಟಿ" ಅಂತ ಮೈಕಿನಲ್ಲಿ ಹೇಳಿದರು. ಗಣಿತದ ಹುಡುಗರು ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಸಂಬಂಧ

ಅಟೆಂಡರ್ ಇನ್ನೇನು ಪಾಸಾಗ್ತಾನೆ ಅನ್ನೋ ಹೊತ್ತಿಗೆ ಸಿಲಬಸ್ ಬದಲಾಯಿತು. ಹೊಸ ಪುಸ್ತಕ ಬಂತು, ಇಟ್ಟಿಗೆಯಷ್ಟು ದಪ್ಪ. ಅದರಲ್ಲಿ ಗ್ರೂಪ್ ಥಿಯರಿ ಇಲ್ಲ. ಅಟೆಂಡರ್ ಮೊದಲಿಂದ ಕೊನೆತನಕ ತಿರುವಿ, ಕೊನೆಯಿಂದ ಮೊದಲಿನತನಕ ತಿರುವಿ, ನನ್ನ ಎದುರಿಗೆ ತಲೆ ಮೇಲೆ ಕೈಹೊತ್ತು ಕೂತ. ಇಷ್ಟು ಕಷ್ಟಪಟ್ಟು ಕಲಿತಿದ್ದನ್ನ ಈಗ ಎಲ್ಲಿ ಹಾಕ್ಲಿ ಅಂತ ಕೇಳಿದ. ನನಗೂ ಅದೇ ಚಿಂತೆ. ನಾನು ಅದನ್ನೇ ಪಾಠ ಮಾಡ್ಕೊಂಡು ಮಕ್ಕಳ ಮದುವೆ ಮಾಡಿದವನು.

ಹೊಸ ಪುಸ್ತಕದ ಮೊದಲನೇ ಪಾಠ ರಿಲೇಷನ್. ಇಂಗ್ಲಿಷಿನಲ್ಲಿ ಬೇಡ, ರಿಲೇಷನ್ ಅಂದರೆ ಸಂಬಂಧ ಅಂತಲೇ ಓದಿಕೋ ಅಂತ ನಾನೇ ಬುದ್ಧಿ ಹೇಳಿದೆ. ಅವನು ಬೆಳಿಗ್ಗೆ ಎದ್ದು ಮನೆ ಮುಂದಿನ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಉರು ಹೊಡೆಯೋಕೆ ಶುರು ಮಾಡಿದ. ಈ ಕಡೆಯಿಂದ ಸಂಬಂಧ ಐತೆ, ಆ ಕಡೆಯಿಂದ ಇಲ್ಲ. ಎ ಗೂ ಬಿ ಗೂ ಸಂಬಂಧ ಐತೆ, ಬಿ ಗೂ ಸಿ ಗೂ ಐತೆ, ಆದರೂ ಎ ಗೂ ಸಿ ಗೂ ಸಂಬಂಧ ಕೂಡಲ್ಲ.

ಅವನ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಹೆಂಡತಿ ಎಷ್ಟು ದಿನ ಅಂತ ಸುಮ್ಮನಿದ್ದಾರು? ಒಂದು ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ಕಾಲೇಜಿನ ಗೇಟಿನಲ್ಲಿ ನಿಂತಿದ್ದರು. ಅವರ ಮನೆಯಲ್ಲಿ ಮಾತು ತೆಲುಗು, ಗಾಬರಿಯಾದರೆ ಹೊರಗೂ ತೆಲುಗೇ. "ಸಾರೂ, ಆ ಸಂಬಂಧಂ ಎವರಿದಿ?" ಅಂದರು. ಯಾರ ಕಡೆಯ ಸಂಬಂಧ, ನಮ್ಮನ್ನ ಬೇಡ ಅಂದ ಆ ಕಡೆಯವರು ಯಾರು ಅಂತ ಅವರ ಪ್ರಶ್ನೆ. ಗಂಡ ಏನೂ ಬಾಯಿ ಬಿಡ್ತಿಲ್ಲ, ದಿನಾ ಬೆಳಿಗ್ಗೆ ಕಟ್ಟೆ ಮೇಲೆ ಕೂತು ಕೊರಗ್ತಾರೆ ಅಂತ ಕಣ್ಣಲ್ಲಿ ನೀರು ಬೇರೆ.

ನಾನು ಅಲ್ಲೇ ನಿಂತು ಎ, ಬಿ, ಸಿ ಅಂತ ಬಿಡಿಸಿ ಹೇಳಿದೆ. ಆ ತಾಯಿ ಪೂರ್ತಿ ಕೇಳಿಸಿಕೊಂಡು ಒಪ್ಪಲೇ ಇಲ್ಲ. ನಮ್ಮೋರಲ್ಲಿ ಹಾಗಾಗೋಕೆ ಸಾಧ್ಯವೇ ಇಲ್ಲ, ಮೇನರಿಕಂ ಐತಲ್ಲ ಸಾರ್, ಸೋದರಮಾವನ ಮನೆಗೇ ಕೊಟ್ಟು ತರ್ತೀವಿ, ಎ ಗೆ ಬಿ ಆದ್ರೆ, ಬಿ ಗೆ ಸಿ ಆದ್ರೆ, ಎ ಗೂ ಸಿ ಗೂ ಯಾವುದಾದ್ರೂ ಒಂದು ದಾರಿಯಲ್ಲಿ ಆಗೇ ಆಗುತ್ತೆ, ನೀವು ಸರ್ಯಾಗಿ ವಿಚಾರಿಸಿಲ್ಲ ಅಂದರು. ಇಡೀ ಮೊಳಕಾಲ್ಮುರು ಒಂದೇ ಬಳಗ ಅಂತ ಬೆರಳು ಮಡಚಿ ತೋರಿಸಿದರು. ನಾನು ಆಯ್ತಮ್ಮ ಅಂತ ಕೈಮುಗಿದೆ. ಇದು ಬರೀ ಪುಸ್ತಕದ ಲೆಕ್ಕ, ನಿಜವಾದ ಜನ ಅಲ್ಲ ಅಂತ ಇನ್ನೊಂದು ಸಲ ಹೇಳಿದ ಮೇಲೆ ಹೊರಟರು.

ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು ಮೆಲ್ಲಗೆ ಕೇಳಿದರು.

"ಆ ಸಿ ಹುಡುಗ ಏನು ಕೆಲಸದಲ್ಲಿದ್ದಾನೆ ಸಾರ್?"

ಎಲೆ

ಆ ವರ್ಷವೂ ಅವನು ಫೇಲಾದ. ಮುಂದಿನ ವರ್ಷವೂ ಆದ. ಹೊಸ ಸಿಲಬಸ್ಸಿನಲ್ಲಿ ಅವನಿಗೆ ಹಿಡಿಸಿದ್ದು ಒಂದೇ ಪಾಠ, ಸಂಭವನೀಯತೆ. ಯಾಕಂದರೆ ಅದರಲ್ಲಿ ಲೆಕ್ಕಕ್ಕೊಂದು ಇಸ್ಪೀಟು ಕಟ್ಟು. ಎರಡು ಎಲೆ ತೆಗೆದರೆ ಎರಡೂ ರಾಜ ಆಗೋ ಸಂಭವ ಎಷ್ಟು, ಒಂದು ರಾಣಿ ಒಂದು ಗುಲಾಮ ಆಗೋ ಸಂಭವ ಎಷ್ಟು. ನಮ್ಮ ಅಪ್ಪ ಎಲೆ ಮುಟ್ಟಿದರೆ ಕೈ ಕಡೀತೀನಿ ಅನ್ನೋ ಮನುಷ್ಯ, ನನಗೆ ಆಟೀನು ಯಾವುದು ಕಳಾವರ್ ಯಾವುದು ಗೊತ್ತಿಲ್ಲ. ಎದುರಿಗಿಟ್ಟು ನೋಡಿದರೆ ಪಾಠ ಸರಿಹೋಗುತ್ತೆ ಅಂತ, ತಲೆ ತಗ್ಗಿಸ್ಕೊಂಡು ಪೇಟೆಯಲ್ಲಿ ಒಂದು ಕಟ್ಟು ಕೊಂಡು ತಂದೆ.

ಮಧ್ಯಾಹ್ನ ಊಟದ ಹೊತ್ತು, ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ಮೇಜಿನ ಮೇಲೆ ಎಲೆ ಹರವಿಕೊಂಡು ಕೂತಿದ್ದೀವಿ. ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಹೆಡ್ ಕಾನ್‌ಸ್ಟೆಬಲ್, ಯೂನಿಫಾರ್ಮಿನಲ್ಲಿ. ಪಾಪ, ಮಗಳ ಅಡ್ಮಿಷನ್ ವಿಚಾರಿಸೋಕೆ ಬಂದಿದ್ದರು. ನಾನು ಬನ್ನಿ ಸಾರ್ ಅಂತ ಏಳೋದರೊಳಗೆ ಪಕ್ಕದ ಕುರ್ಚಿ ಖಾಲಿ. ಅಟೆಂಡರ್ ಕಿಟಕಿಯಿಂದ ಹಾರಿ ಕಾಂಪೌಂಡ್ ದಾಟಿದ್ದ. ಆಮೇಲೆ ಯಾಕ್ಲೇ ಓಡಿದೆ ಅಂತ ಕೇಳಿದರೆ, ಅಭ್ಯಾಸ ಕಣಲೇ ಅಂದ.

ಮೇಜಿನ ತುಂಬ ಎಲೆ, ಮಧ್ಯದಲ್ಲಿ ನಾನೊಬ್ಬ.

"ಸಾರ್, ಇದು ಸಂಭವನೀಯತೆ" ಅಂದೆ.

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಹುಣಸೆಮರದ ಕೆಳಗೆ ಹಿಡಿದಾಗ ಎಲ್ಲರೂ ಟೈಂಪಾಸ್ ಅಂತಾರೆ ಮೇಷ್ಟ್ರೇ, ಸಂಭವನೀಯತೆ ಅಂದೋರು ನೀವೇ ಮೊದಲು ಅಂದರು. ನಾನು ಗಡಿಬಿಡಿಯಲ್ಲಿ ಪಠ್ಯಪುಸ್ತಕ ತೆಗೆದು ಲೆಕ್ಕ ತೋರಿಸಿದೆ. ಓದಿದರು. ಪುಟ ತಿರುವಿ ಇನ್ನೊಂದು ಲೆಕ್ಕ ಓದಿದರು. ಅದರಲ್ಲೂ ಇಸ್ಪೀಟು. ಮತ್ತೊಂದರಲ್ಲಿ ದಾಳ. ಪುಸ್ತಕ ಮುಚ್ಚಿ ದೊಡ್ಡ ಉಸಿರು ಬಿಟ್ಟರು.

"ಸರ್ಕಾರವೇ ಅಚ್ಚು ಹಾಕಿಸಿ ಹಂಚ್ತಾ ಐತೆ. ಇನ್ನು ನಾವು ಯಾರನ್ನ ಅಂತ ಹಿಡಿಯೋದು?" ಅಂದರು.

ಮಗಳನ್ನ ಆರ್ಟ್ಸಿಗೆ ಸೇರಿಸಿದರು.

ಅಮ್ಮನ ಅಪ್ಪಣೆ

ಈಚೆಗೆ ಮತ್ತೊಂದು ಬದಲಾವಣೆ ಬಂತು. ಕೆಲವು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರ್ತಾರೆ, ಸರಿಯಾದ್ದು ಆರಿಸಿ ಬರೆಯಬೇಕು. ವರ್ಷಕ್ಕೆ ಮೂರು ಪರೀಕ್ಷೆ ಬೇರೆ. ಮೊದಲು ವರ್ಷಕ್ಕೆ ಎರಡು ಸಲ ನಾಚಿಕೆ ಆಗ್ತಿತ್ತು, ಈಗ ಮೂರು ಸಲ ಅಂತ ಅಟೆಂಡರ್ ಗೊಣಗಿದ. ಆದರೂ ನಾಲ್ಕರಲ್ಲಿ ಒಂದು ಅನ್ನೋದು ಅವನಿಗೆ ಆಸೆ ಹುಟ್ಟಿಸಿತು. ನಿವೃತ್ತಿ ಹತ್ತಿರ ಬಂದಿತ್ತು. ಗೌರಸಮುದ್ರದ ಮಾರಮ್ಮನಿಗೆ ಹರಕೆ ಕಟ್ಟಿಕೊಂಡ. ಅದೂ ಸಾಲದು ಅಂತ ತನ್ನ ಬೀದಿಯ ಅಮ್ಮನ ಗುಡಿಗೆ ಹೋಗಿ ಹೂವಿನ ಅಪ್ಪಣೆ ಕೇಳಿದ. ಮನಸ್ಸಿನಲ್ಲಿರೋದನ್ನ ಕೇಳಿಕೊಂಡು ನಿಂತರೆ, ಅಮ್ಮನ ಮೇಲಿನ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಮಳೆಗೆ, ಮದುವೆಗೆ, ಕೊಳವೆಬಾವಿಗೆಲ್ಲ ನಮ್ಮ ಕಡೆ ಹಾಗೆ ಕೇಳ್ತಾರೆ. ಗಣಿತಕ್ಕೆ ಕೇಳಿದವನು ಇವನೇ.

ಎ ಬರೀಲಾ ಅಮ್ಮ ಅಂದನಂತೆ, ಎಡಕ್ಕೆ ಬಿತ್ತು. ಬಿ ಅಂದ, ಎಡ. ಸಿ ಅಂದ, ಎಡ. ಹಿಂದೆ ನಿಂತ ಜನ ಗೊಣಗ್ತಿದ್ದರಂತೆ, ಪೂಜಾರಪ್ಪನೂ ಬೇಗ ಮುಗಿಸಪ್ಪ ಅಂದರಂತೆ. ಡಿ ಬರೀಲಾ ಅಮ್ಮ ಅಂದಿದ್ದೇ ಬಲಕ್ಕೆ ಬಿತ್ತು. ಓಡಿ ಬಂದು ನನಗೆ ಹೇಳಿದ. ಯಾವ ಪ್ರಶ್ನೆಗೋ ಡಿ ಅಂದೆ. ಎಲ್ಲದಕ್ಕೂ ಅಂದ.

ನನಗೆ ಬಂದ ಸಿಟ್ಟಿಗೆ ಸೀಮೆಸುಣ್ಣ ಮುರಿದು ಹೋಯಿತು. ಅಲ್ವೋ ಪುಣ್ಯಾತ್ಮ, ಎಲ್ಲ ಡಿ ಬರೆದರೆ ಕಾಲು ಭಾಗ ಸರಿ ಬಂದರೆ ಹೆಚ್ಚು, ಇಷ್ಟು ವರ್ಷ ಸಂಭವನೀಯತೆ ಹೇಳಿಕೊಟ್ಟಿದ್ದು ಇದಕ್ಕಾ ಅಂತ ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸ್ಕೊಂಡು ಹೋದ. ಮಾರನೇ ದಿನ ಬಂದು ಮುಖ ಸಣ್ಣ ಮಾಡ್ಕೊಂಡು ನಿಂತ.

"ನೀನು ಹೇಳಿದ್ದು ಸರಿನಾ ಅಂತ ಅಮ್ಮನ್ನೇ ಕೇಳಿದೆ ಕಣಲೇ. ಎಡಕ್ಕೆ ಬಿತ್ತು."

ಖಾಕಿ ಅಂಗಿ

ನಿವೃತ್ತಿಗೆ ಮುಂಚಿನ ಕೊನೇ ಪರೀಕ್ಷೆ ಬಂತು. ಇದು ತಪ್ಪಿದರೆ ಕುರ್ಚಿ ಈ ಜನ್ಮಕ್ಕಿಲ್ಲ. ಕೇಂದ್ರ ಚಳ್ಳಕೆರೆಯಲ್ಲಿ. ಪರೀಕ್ಷೆ ಬಿಡೋ ಹೊತ್ತಿಗೆ ನಾನು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಾಯ್ತಿದ್ದೆ, ನನ್ನ ಸ್ವಂತ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಬಂದವನನ್ನ ನೋಡಿದರೆ ಮೈಮೇಲೆ ಖಾಕಿ ಅಂಗಿ. ಬೆಳಿಗ್ಗೆ ಗಾಬರಿಯಲ್ಲಿ ದಿನಾ ಕಾಲೇಜಿಗೆ ಹಾಕೋ ಅಟೆಂಡರ್ ಅಂಗಿಯನ್ನೇ ಹಾಕ್ಕೊಂಡು ಹೋಗಿದ್ದ. ಆಮೇಲೆ ಆಗಿದ್ದನ್ನ ಬಸ್ಸಿನಲ್ಲಿ ಅವನೇ ಹ್ಯಾಪು ಮುಖ ಮಾಡ್ಕೊಂಡು ಹೇಳಿದ.

ಪರೀಕ್ಷೆ ಕೋಣೆ ಬಾಗಿಲಿಗೆ ಹೋದ ಕೂಡಲೇ ಮೇಲ್ವಿಚಾರಕರು, ಬಂದ್ಯಾ, ಮೊದಲು ಕುಡಿಯೋ ನೀರು ಇಡು ಅಂದರಂತೆ. ಇವನ ಕೈ ತಾನಾಗೇ ಕೊಡ ಹಿಡಿಯಿತು. ನೀರಿಟ್ಟು ಬಂದ. ಬೆಂಚು ಸರಿಮಾಡು ಅಂದರು, ಮಾಡಿದ. ಹೇಗೋ ತಪ್ಪಿಸ್ಕೊಂಡು ತನ್ನ ಜಾಗದಲ್ಲಿ ಕೂತು ಎರಡು ಲೆಕ್ಕ ಬರೆದ. ಅಷ್ಟರಲ್ಲಿ ತಪಾಸಣೆಗೆ ಸ್ಕ್ವಾಡ್ ಬಂತು. ಅದರ ಮುಖ್ಯಸ್ಥರು ಬಾಗಿಲಲ್ಲೇ ಇವನ ಖಾಕಿ ನೋಡಿ, ನಾಲ್ಕು ಟೀ ಹೇಳಪ್ಪಾ ಅಂದರಂತೆ. ಇವನು ಪೆನ್ನು ಜೇಬಿಗೆ ಸಿಕ್ಕಿಸ್ಕೊಂಡು ಟೀ ತರೋಕೆ ಹೋದ. ನಾನು ಪರೀಕ್ಷೆ ಬರೆಯೋನು ಅಂತ ಹೇಳೋಕೆ ಏನು ರೋಗ ನಿನಗೆ ಅಂತ ನಾನು ಕಿರುಚಿದೆ, ಬಸ್ಸಿನವರೆಲ್ಲ ತಿರುಗಿ ನೋಡಿದರು. ದೊಡ್ಡೋರು ಹೇಳುವಾಗ ಹೆಂಗೆ ಇಲ್ಲ ಅನ್ನೋದು ಅಂದ.

ಟೀ ಕೊಟ್ಟು, ಹುಡುಗರಿಗೆ ನೀರು ಕೊಟ್ಟು, ಮತ್ತೆ ಬಂದು ಕೂತು ಬರೆಯೋಕೆ ಶುರು ಮಾಡಿದ. ಸ್ಕ್ವಾಡಿನವರು ಟೀ ಕುಡೀತಾ ನೋಡಿದರು. ಏಯ್, ಅಲ್ಲಿ ಕೂತು ಏನು ಬರೀತಿದ್ದೀಯ ಅಂತ ಗದರಿದರು. ಪರೀಕ್ಷೆ ಸಾರ್ ಅಂದ. ಅವರು ಲೋಟ ಕೆಳಗಿಟ್ಟು ಹಾಲ್ ಟಿಕೆಟ್ ಈಸ್ಕೊಂಡು ನೋಡಿ, ಇವನ ಬಿಳೀ ಕೂದಲು ನೋಡಿ, ಮೊದಲೇ ಹೇಳಬಾರದೇನ್ರೀ ಅಂತ ಬಹುವಚನಕ್ಕೆ ಬಂದರಂತೆ. ಆಮೇಲೆ ಉಳಿದ ಹೊತ್ತಿನಲ್ಲಿ ಗೊತ್ತಿದ್ದಷ್ಟು ಲೆಕ್ಕ ಬರೆದು, ಆರಿಸೋ ಪ್ರಶ್ನೆಗೆಲ್ಲ ಡಿ ಹಾಕಿ ಎದ್ದು ಬಂದಿದ್ದ.

ನಾನು ಹಣೆ ಚಚ್ಚಿಕೊಂಡೆ. ಅಲ್ವೋ, ನೀರು ಕೊಡ್ತಾ ಇಡೀ ಕೋಣೆ ಸುತ್ತಿದ್ದೀಯ, ಯಾರದಾದರೂ ಪೇಪರಿನ ಮೇಲೆ ಕಣ್ಣು ಬೀಳಲಿಲ್ವಾ ಅಂದೆ. ಮೇಷ್ಟ್ರು ಕೇಳೋ ಪ್ರಶ್ನೆ ಅಲ್ಲ, ಗೊತ್ತು. ಬಾಯಿ ತಪ್ಪಿ ಬಂತು.

"ಬಿತ್ತು ಕಣಲೇ. ಎಲ್ಲರದೂ ಖಾಲಿ. ಒಬ್ಬ ಹುಡುಗ ನೀರು ಈಸ್ಕೊಂಡು ನನ್ನನ್ನೇ ಉತ್ತರ ಕೇಳಿದ" ಅಂದ.

ಕುರ್ಚಿ

ಅವನು ಪಾಸಾದ.

ಬರೆಯೋವಾಗಲೂ ನನಗೆ ನಂಬಿಕೆ ಬರ್ತಿಲ್ಲ. ಗಡಿ ಮೇಲೆ, ಒಂದು ಕಾಲು ಆಚೆ ಒಂದು ಕಾಲು ಈಚೆ ಅನ್ನೋ ಹಾಗೆ ಪಾಸಾದ. ಮೊಬೈಲಿನಲ್ಲಿ ರಿಸಲ್ಟ್ ನೋಡಿದವನು ನಾನೇ. ಕನ್ನಡಕ ಒರೆಸ್ಕೊಂಡು ಮೂರು ಸಲ ನೋಡಿದೆ. ಸ್ಟಾಫ್ ರೂಮಿನ ತುಂಬ ಜನ, ಅವನು ಸಾರ್ ಅನ್ನೋದು ಮರೆತು "ಏನಾತ್ಲೇ" ಅಂತ ಕೂಗಿದ. ನಾನು ಅವನನ್ನ ತಬ್ಬಿಕೊಂಡು ಅತ್ತೆ. ಗಂಡಸರು ಅಳಬಾರದು ಅಂತಾರೆ, ಹೇಳೋರು ಹೇಳ್ಕೊಳ್ಳಲಿ. ಪಾಸಾಗಿದ್ದು ನನ್ನ ಪಾಠದಿಂದಲೋ ಅಮ್ಮನ ಡಿಯಿಂದಲೋ ಅಂತ ನಾವು ಯಾರೂ ಕೇಳಲು ಹೋಗಲಿಲ್ಲ.

ಬಡ್ತಿ ಆದೇಶ ಬಂತು. ನಮ್ಮ ಕಾಲೇಜಿನಲ್ಲೇ ಗುಮಾಸ್ತರ ಜಾಗ ಖಾಲಿ ಇತ್ತು, ಅಲ್ಲಿಗೇ ಹಾಕಿದರು. ಮೊದಲನೇ ದಿನ ಬಿಳೀ ಅಂಗಿ ಹಾಕ್ಕೊಂಡು ಬಂದ. ಹೆಂಡತಿ ಕುರ್ಚಿಗೆ ಅರಿಶಿನ ಕುಂಕುಮ ಹಚ್ಚಿದರು. ಹುಡುಗರು ಹಾರ ಹಾಕಿದರು. ಕೂತ. ಒಂದು ಸಲ ಎದ್ದು ಮತ್ತೆ ಕೂತ. ನಾನು ಆವತ್ತು ಕ್ಲಾಸಿನ ಮಧ್ಯ ಎರಡು ಸಲ ಎದ್ದು ಬಂದು ಬಾಗಿಲಲ್ಲಿ ನಿಂತು ಅವನನ್ನ ನೋಡಿ ಹೋದೆ.

ಸಂಜೆ ಎಲ್ಲರೂ ಹೋದ ಮೇಲೆ ನನ್ನ ರಜೆ ಅರ್ಜಿ ಹಿಡ್ಕೊಂಡು ಅವನ ಮೇಜಿನ ಮುಂದೆ ಹೋದೆ. ಸಣ್ಣ ಕೆಲಸ, ಒಂದು ಮೊಹರು ಒತ್ತಿ ಒಳಗೆ ಕಳಿಸಬೇಕು, ಅಷ್ಟೇ. ಅವನ ಮೊದಲನೇ ಫೈಲು ನನ್ನದೇ ಆಗಲಿ ಅಂತ ಆಸೆ. ಅವನು ಅರ್ಜಿ ಈಸ್ಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೇಲಿಂದ ಕೆಳಗೆ ಓದಿ, ತಿರುಗಿಸಿ ಖಾಲಿ ಇದ್ದ ಹಿಂಭಾಗವನ್ನೂ ಓದಿ, ನನ್ನ ಕಡೆಗೇ ಸರಿಸಿದ. ನಾಳೆ ಬಾ ಅಂದ.

ನನಗೆ ಮೈಯೆಲ್ಲ ಉರಿಯಿತು. "ಲೇ, ನಾನು ಕಣೋ" ಅಂದೆ.

"ಗೊತ್ತು ಕಣಲೇ" ಅಂದ. "ನೀನು ಅಂತಲೇ ನಾಳೆ ಅಂದೆ. ಬೇರೆಯೋರಾಗಿದ್ರೆ ಮುಂದಿನ ವಾರ ಅಂತಿದ್ದೆ."